ಅಪ್ಪಯ್ಯನ ಕಾಲಿನ ಹುಣ್ಣಿಗೆ ‘ಟ್ರಯಲ್‌ಗೆ ಸೇರಿ’ ಅಂದಿದ್ದಾರೆ. ಸಹಿ ಹಾಕಬಹುದಾ?

ತೋಟದಮನೆ_ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಅಪ್ಪಯ್ಯನಿಗೆ 67 ವರ್ಷ, ಸಕ್ಕರೆ ಕಾಯಿಲೆ ಹಳೆಯದು. ಬರಿಗಾಲಲ್ಲಿ ತೋಟಕ್ಕೆ ಹೋಗಬೇಡಿ ಅಂದರೆ ಕೇಳುವ ಜನ ಅಲ್ಲ. ಮಳೆ ಶುರುವಾದ ಹೊಸತರಲ್ಲಿ ಹೆಬ್ಬೆರಳ ಬುಡಕ್ಕೆ ದಬ್ಬೆಯ ಸಿಬಿರು ಹೊಕ್ಕಿದೆ. ಪಾದ ಜೋಮು ಹಿಡಿದಿರುವುದರಿಂದ ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಅವರು ಕಾಲು ತೊಳೆದ ಕಲ್ಲಿನ ಮೇಲೆ ರಕ್ತ ಕಂಡು ಆಯಿ (ಅಮ್ಮ) ಕೂಗಿದ ಮೇಲೆಯೇ ನೋಡಿದ್ದು. ಈಗ ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು. ಶಿರಸಿಯಲ್ಲಿ ಡ್ರೆಸಿಂಗ್ ಮಾಡಿಸುತ್ತಾ ಇದ್ದೆವು, ಮಾಯಲಿಲ್ಲ. ಮಂಗಳೂರು ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಒಳ್ಳೆಯವರೇ. ‘ಗಾಯಕ್ಕೆ ಹಚ್ಚುವ ಹೊಸ ಜೆಲ್‌ನ ಕ್ಲಿನಿಕಲ್ ಟ್ರಯಲ್ ನಡೀತಾ ಇದೆ, ಇಷ್ಟ ಇದ್ದರೆ ಸೇರಿ, ಔಷಧಿ, ಡ್ರೆಸಿಂಗ್ ಎಲ್ಲಾ ಫ್ರೀ’ ಅಂದರು. ಅರ್ಧ ಜನಕ್ಕೆ ಹೊಸ ಜೆಲ್, ಉಳಿದ ಅರ್ಧ ಜನಕ್ಕೆ ಔಷಧಿ ಇಲ್ಲದ ಜೆಲ್ ಅಂತೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಹನ್ನೆರಡು ವಾರ ವಾರಕ್ಕೊಮ್ಮೆ ಹೋಗಬೇಕು, ಆಮೇಲೆ ತಿಂಗಳಿಗೊಮ್ಮೆ.

ಕನ್ನಡದ ಫಾರ್ಮ್ ಕೊಟ್ಟು ಮನೆಯಲ್ಲಿ ಓದಿ ಅಂದಿದ್ದಾರೆ. ಅದರಲ್ಲಿ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ಆದಾಯ ಎಲ್ಲಾ ಕೇಳಿದ್ದಾರೆ. ಕೊನೆಗೆ ನಾಮಿನಿ ಯಾರು ಅಂತ ಒಂದು ಕಾಲಂ. ಅದನ್ನು ನೋಡಿ ಆಯಿ ಅಳುವುದಕ್ಕೇ ಶುರು ಮಾಡಿದಳು. ಕಾಲಿಗೆ ಮುಲಾಮು ಹಚ್ಚುವುದಕ್ಕೆ ನಾಮಿನಿ ಯಾಕೆ ಬೇಕು? ತಿಳಿದವರು ಯಾರಾದರೂ ಹೇಳಿ. ಇನ್ನೊಂದು ವಾರದಲ್ಲಿ ಹೌದೋ ಅಲ್ಲವೋ ತಿಳಿಸಬೇಕು.

ಬನವಾಸಿ_ರಸ್ತೆ:

ಬೇಡವೇ ಬೇಡ ಮಾರಾಯ್ರೆ. ಫ್ರೀ ಅಂದರೆ ಅಲ್ಲೇ ಏನೋ ಇದೆ ಅಂತ ಲೆಕ್ಕ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತಡೆಯುವುದು) ಹಾಕಿದ ಕಥೆ ಓದಿ. ಹಾಸ್ಟೆಲ್ ಮಕ್ಕಳ ಪರವಾಗಿ ವಾರ್ಡನ್‌ಗಳು ಸಹಿ ಹಾಕಿದ್ದರು. ಅಪ್ಪ ಅಮ್ಮನಿಗೆ ಗೊತ್ತೇ ಇಲ್ಲ. ನಮ್ಮಂಥವರ ಮೈಮೇಲೆ ಪ್ರಯೋಗ ಮಾಡಿ ಲಾಭ ಮಾಡಿಕೊಳ್ಳುವವರು ಬೇರೆಯವರು.

ಅಘನಾಶಿನಿ_ತೀರ:

ನಾನು ಮದುವೆಗೆ ಮುಂಚೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೆ. ಅಂದರೆ ಡಾಕ್ಟರ ಹಿಂದೆ ಫೈಲ್ ಹಿಡಿದುಕೊಂಡು ಓಡಾಡುವ, ಪೇಷಂಟ್‌ಗಳಿಗೆ ‘ನಾಳೆ ವಿಸಿಟ್ ಇದೆ, ಮರೀಬೇಡಿ’ ಅಂತ ಫೋನ್ ಮಾಡುವ ಕೆಲಸ. ಈಗ ಕುಮಟಾದಲ್ಲಿ ಇದ್ದೇನೆ, ಯಾವ ಆಸ್ಪತ್ರೆಯ ಪರವೂ ಅಲ್ಲ.

ಮೊದಲು ನಾಮಿನಿ ವಿಷಯ. ಆಯಿಗೆ ಸಮಾಧಾನ ಹೇಳಿ. ಆ ಕಾಲಂ ನಮ್ಮ ದೇಶದ ಎಲ್ಲಾ ಔಷಧಿ ಟ್ರಯಲ್‌ಗಳ ಫಾರ್ಮಿನಲ್ಲೂ ಇರುತ್ತದೆ, ಕಾನೂನೇ ಹಾಗಿದೆ. ಟ್ರಯಲ್‌ನಿಂದಾಗಿಯೇ ಯಾರಾದರೂ ತೀರಿಕೊಂಡರೆ ಪರಿಹಾರ ಯಾರ ಕೈಗೆ ಹೋಗಬೇಕು ಅನ್ನುವುದಕ್ಕೆ ಅದು. ಮುಲಾಮೇ ಇರಲಿ, ಕ್ಯಾನ್ಸರ್ ಔಷಧಿಯೇ ಇರಲಿ, ಫಾರ್ಮ್ ಒಂದೇ ತರಹ. ಆದಾಯ ಕೇಳುವುದು ಸೇರುವವರ ಸ್ಥಿತಿಗತಿ ದಾಖಲಾಗಲಿ ಅಂತ. ಪರಿಹಾರದ ಲೆಕ್ಕಕ್ಕೆ ಅದು ಬರುವುದಿಲ್ಲ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ 8 ಲಕ್ಷ ರೂಪಾಯಿ ಮೂಲ ಮೊತ್ತ ಅಂತ ಇಟ್ಟುಕೊಂಡು, ವಯಸ್ಸು ಮತ್ತು ಕಾಯಿಲೆ ಎಷ್ಟು ಜೋರಾಗಿದೆ ಅನ್ನುವುದನ್ನು ನೋಡಿ ಲೆಕ್ಕ ಹಾಕುತ್ತಾರೆ. ತೋಟದ ಯಜಮಾನರಿಗೂ, ತೋಟದ ಆಳಿಗೂ ಸೂತ್ರ ಒಂದೇ. ನನಗೆ ಆ ನಿಯಮದಲ್ಲಿ ಹಿಡಿಸಿದ್ದೇ ಇದು.

ಇನ್ನು ‘ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ’ ಅನ್ನುವುದು. ಇದನ್ನು ಕೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ನಿಮ್ಮದು ತೋಟ, ಹಾಗಾಗಿ ಹೀಗೆ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಯಾರೋ ಹೊಸ ಔಷಧಿ ತಂದರು ಅಂತ ಇಟ್ಟುಕೊಳ್ಳಿ. ಅದನ್ನು ಬಿಸಿಲು ಬೀಳುವ, ನೀರು ನಿಲ್ಲದ ಬದಿಗೆ ಹೊಡೆದು, ತಗ್ಗಿನ ಬದಿಗೆ ಮಾಮೂಲಿ ಬೋರ್ಡೋ ದ್ರಾವಣ ಹೊಡೆದರೆ ಕೊನೆಗೆ ಏನು ಗೊತ್ತಾಗುತ್ತದೆ? ಔಷಧಿ ಗೆದ್ದಿದ್ದೋ, ಬಿಸಿಲು ಗೆದ್ದಿದ್ದೋ? ಡಾಕ್ಟರ ಕೈಗೆ ಆಯ್ಕೆ ಬಿಟ್ಟರೆ, ಬೇಗ ಮಾಯುವಂತೆ ಕಾಣುವ ಕಾಲಿಗೇ ಹೊಸ ಜೆಲ್ ಹೋಗಿಬಿಡಬಹುದು, ಅವರಿಗೇ ಗೊತ್ತಿಲ್ಲದಂತೆ. ಅದಕ್ಕೇ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಟ್ಯೂಬ್ ಮೇಲೆ ನಂಬರ್ ಮಾತ್ರ ಇರುತ್ತದೆ.

ಔಷಧಿ ಇಲ್ಲದ ಜೆಲ್ ಬಂದರೆ ಮೋಸ ಆಯಿತು ಅಂದುಕೊಳ್ಳಬೇಡಿ. ಸತ್ತ ಚರ್ಮ ಕೆತ್ತುವುದು, ಡ್ರೆಸಿಂಗ್, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡುವುದು, ಸಕ್ಕರೆ ಹತೋಟಿ, ಇವು ಎರಡೂ ಗುಂಪಿಗೂ ಇರಲೇಬೇಕು. ಇದೆಯಾ ಅಂತ ಫಾರ್ಮಿನಲ್ಲಿ ಹುಡುಕಿ. ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಹಾಗೆಯೇ ಹೊಸ ಜೆಲ್ ಸಿಕ್ಕಿತು ಅಂತ ಕುಣಿಯಬೇಕಾಗಿಯೂ ಇಲ್ಲ. ಈ ಕಾಲಿನ ಹುಣ್ಣಿಗೇ 1997ರಲ್ಲಿ ಅಮೆರಿಕದಲ್ಲಿ ಬೆಕಾಪ್ಲೆರ್ಮಿನ್ ಅನ್ನುವ ಜೆಲ್‌ಗೆ ಒಪ್ಪಿಗೆ ಸಿಕ್ಕಿತ್ತು. ಅದರ ಮುಖ್ಯ ಟ್ರಯಲ್‌ನಲ್ಲಿ 20 ವಾರದ ಹೊತ್ತಿಗೆ ಔಷಧಿ ಹಚ್ಚಿದವರಲ್ಲಿ 50% ಜನಕ್ಕೆ ಹುಣ್ಣು ಪೂರ್ತಿ ಮಾಯಿತು. ಖಾಲಿ ಜೆಲ್ ಹಚ್ಚಿದವರಲ್ಲಿ 35%. ಅಂದರೆ ಖಾಲಿ ಜೆಲ್‌ನವರಲ್ಲೂ ಮೂರರಲ್ಲಿ ಒಬ್ಬರಿಗೆ ಮಾಯಿತು, ಔಷಧಿ ಸಿಕ್ಕವರಲ್ಲಿ ಅರ್ಧ ಜನಕ್ಕೆ ಮಾಯಲಿಲ್ಲ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಾಸ್ತಿ ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚು ಕಾಣುತ್ತಿದೆ ಅಂತ 2008ರಲ್ಲಿ ದೊಡ್ಡ ಎಚ್ಚರಿಕೆ ಹಾಕಿದರು. ಮುಂದೆ ಇನ್ನಷ್ಟು ಮಾಹಿತಿ ಬಂದ ಮೇಲೆ 2018ರಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ಹೊಸ ಔಷಧಿ ಅಂದರೆ ಇಷ್ಟೆಲ್ಲಾ ಇರುತ್ತದೆ. ಹಾಗಾಗಿ ‘ಹನ್ನೆರಡು ವಾರ ಮುಗಿದ ಮೇಲೆ ಎಷ್ಟು ಕಾಲ ನಮ್ಮನ್ನು ವಿಚಾರಿಸುತ್ತೀರಿ’ ಅಂತ ಕೇಳಿ.

ನಾನು ನೋಡಿದ ಮಟ್ಟಿಗೆ ಟ್ರಯಲ್ ಅರ್ಧಕ್ಕೆ ಬಿಟ್ಟವರಲ್ಲಿ ಜಾಸ್ತಿ ಜನ ಔಷಧಿಗೆ ಹೆದರಿ ಬಿಟ್ಟವರಲ್ಲ. ಬಂದು ಹೋಗುವುದಕ್ಕೆ ಆಗದೆ ಬಿಟ್ಟವರು. ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಆಗುವುದೂ ಇದೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾದಿಂದ ಮಂಗಳೂರಿನ ಕಡೆಗೆ, ಈ ಮಳೆಯಲ್ಲಿ, ವಾರ ವಾರ! 2024ರ ಜುಲೈನಲ್ಲಿ ಅಂಕೋಲೆಯ ಶಿರೂರಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು, ನೆನಪಿದೆ ಅಲ್ವಾ? ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಗಂಟಲು ಒಣಗಿತು, ಅದು ಬೇರೆ ಮಾತು. ಪ್ರತಿ ವಿಸಿಟ್‌ಗೂ ಒಂದು ‘ವಿಂಡೋ’ ಇರುತ್ತದೆ, ಅಂದರೆ ಗೊತ್ತಾದ ದಿನಕ್ಕಿಂತ ಎಷ್ಟು ದಿನ ಹಿಂದೆ ಮುಂದೆ ಆದರೆ ನಡೆಯುತ್ತದೆ ಅಂತ. ಅದು ಎಷ್ಟು ಅಂತ ಕೇಳಿ. ಘಟ್ಟ ಬಂದ್ ಆದರೆ ಡ್ರೆಸಿಂಗ್ ಶಿರಸಿಯಲ್ಲಿ ಮಾಡಿಸಬಹುದಾ? ಹೋಗಿ ಬರುವ ಖರ್ಚು ಎಷ್ಟು ಕೊಡುತ್ತಾರೆ, ಜೊತೆಗೆ ಬರುವವರಿಗೂ ಕೊಡುತ್ತಾರಾ? ಇದೆಲ್ಲ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಇರಲಿ.

ಇನ್ನೊಂದು. ಸಹಿ ಹಾಕಿದ ಕೂಡಲೇ ಸೇರಿದ ಹಾಗಲ್ಲ. ಮೊದಲು ಸ್ಕ್ರೀನಿಂಗ್. ಸಕ್ಕರೆಯ ಮೂರು ತಿಂಗಳ ಸರಾಸರಿ, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ, ಹುಣ್ಣು ಎಲುಬಿನವರೆಗೆ ಹೋಗಿದೆಯಾ, ಎಲ್ಲಾ ನೋಡುತ್ತಾರೆ. ಪಾರದರ್ಶಕ ಹಾಳೆಯನ್ನು ಹುಣ್ಣಿನ ಮೇಲಿಟ್ಟು ಪೆನ್ನಿನಲ್ಲಿ ಅಂಚು ಬರೆದುಕೊಳ್ಳುತ್ತಾರೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯುತ್ತಾರೆ. ಹುಣ್ಣಿನ ಟ್ರಯಲ್ ಎಷ್ಟೋ ಕಡೆ ಮೊದಲ ಒಂದೆರಡು ವಾರ ಬರೀ ಸರಿಯಾದ ಡ್ರೆಸಿಂಗ್ ಮಾಡಿ ನೋಡುತ್ತಾರೆ. ಅಷ್ಟಕ್ಕೇ ಹುಣ್ಣು ಚೆನ್ನಾಗಿ ಕುಗ್ಗಿದರೆ ‘ನಿಮಗೆ ಟ್ರಯಲ್ ಬೇಡ, ಹೀಗೇ ಮುಂದುವರಿಸಿ’ ಅಂತ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸಿದಾಗ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ನನಗಂತೂ ಅವರೇ ಪುಣ್ಯವಂತರು ಅನ್ನಿಸುತ್ತಿತ್ತು.

ಕಾಳಿ_ಸೇತುವೆ:

ಕಾರವಾರದಿಂದ. ನಮ್ಮ ಅತ್ತೆ ಗೋವಾದ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಅಳೆಯುವ ಸೆನ್ಸರ್‌ನ ಸ್ಟಡಿಗೆ ಸೇರಿದ್ದರು. ತೋಳಿಗೆ ಅಂಟಿಸುವ ಬಿಲ್ಲೆ. ನಮ್ಮ ಕಡೆಯ ಬೆವರಿಗೆ ಅದರ ಅಂಚು ಏಳುತ್ತಿತ್ತು, ಮೇಲೆ ಪ್ಲಾಸ್ಟರ್ ಸುತ್ತಿಕೊಂಡೇ ಮೀನು ಮಾರ್ಕೆಟ್‌ಗೆ ಹೋಗುತ್ತಿದ್ದರು. ತಮಾಷೆ ಅಂದರೆ ಅದು ಅಳೆದ ನಂಬರ್ ಅವರಿಗೇ ಕಾಣುವಂತಿರಲಿಲ್ಲ. ನಂಬರ್ ನೋಡಿ ಊಟ ಬದಲಿಸಿಬಿಡುತ್ತಾರೆ ಅಂತ ಮುಚ್ಚಿಟ್ಟಿದ್ದರು. ‘ನನ್ನ ಸಕ್ಕರೆ ನನಗೆ ಹೇಳುವುದಿಲ್ಲ, ಊರಿಗೆಲ್ಲಾ ಹೇಳ್ತಾರೆ’ ಅಂತ ಬೈಯುತ್ತಿದ್ದರು.

ನಮಗೆ ತೊಂದರೆ ಆಗಿದ್ದು ಬೇರೆ. ಒಂದು ರಾತ್ರಿ ತೋಳು ಕೆಂಪಾಗಿ ಊದಿತು. ಫಾರ್ಮಿನಲ್ಲಿದ್ದ ‘24 ಗಂಟೆ’ ನಂಬರಿಗೆ ಫೋನ್ ಮಾಡಿದರೆ ರಿಂಗ್ ಆಗಿ ಆಗಿ ಕಟ್ ಆಯಿತು. ಬೆಳಿಗ್ಗೆ ತನಕ ಯಾರೂ ಎತ್ತಲಿಲ್ಲ. ಕೊನೆಗೆ ಬಿಲ್ಲೆ ಕಿತ್ತು ಹಾಕಿದೆವು, ಊತ ಇಳಿಯಿತು. ಸಹಿ ಹಾಕುವ ಮುಂಚೆ ಒಂದು ರಾತ್ರಿ ಸುಮ್ನೆ ಆ ನಂಬರಿಗೆ ಫೋನ್ ಮಾಡಿ ನೋಡಿ. ಎತ್ತಿದರೆ ಕ್ಷಮೆ ಕೇಳಿ ಇಡಿ.

ಅಘನಾಶಿನಿ_ತೀರ:

ಕಾಳಿ ಸೇತುವೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಸಾಧನಗಳಿಗೆ ಬೇರೆ ನಿಯಮ ಇದೆ, 2017ರದ್ದು. ಎರಡರಲ್ಲೂ ಟ್ರಯಲ್‌ನಿಂದ ತೊಂದರೆ ಆದರೆ ಚಿಕಿತ್ಸೆಯ ಖರ್ಚು ಟ್ರಯಲ್ ನಡೆಸುವವರದೇ. ನಿಮ್ಮಂಥ ಔಷಧಿ ಟ್ರಯಲ್‌ನಲ್ಲಿ ಆಸ್ಪತ್ರೆಗೆ ಅಡ್ಮಿಟ್ ಮಾಡುವಂಥದ್ದು ಏನಾದರೂ ಆದರೆ ಡಾಕ್ಟರು 24 ಗಂಟೆಯೊಳಗೆ ವರದಿ ಮಾಡಬೇಕು. ಫೋನ್ ಎತ್ತದಿದ್ದರೆ ಮರುದಿನವೇ ಎಥಿಕ್ಸ್ ಕಮಿಟಿಗೆ, ಅಂದರೆ ಸೇರಿದವರ ಹಿತ ಕಾಯುವ ಸಮಿತಿಗೆ ಹೇಳಿ. ಅವರ ನಂಬರ್ ಫಾರ್ಮಿನಲ್ಲೇ ಇರುತ್ತದೆ. ಯಾರೂ ಅಲ್ಲಿಗೆ ಫೋನ್ ಮಾಡುವುದಿಲ್ಲ, ಅದೇ ನನ್ನ ದೂರು. ಆ ಕಮಿಟಿಯಲ್ಲಿ ಕಡಿಮೆ ಅಂದರೂ ಏಳು ಜನ ಇರಬೇಕು. ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧಪಡದವರು, ಅಧ್ಯಕ್ಷರೂ ಹೊರಗಿನವರೇ. ಒಬ್ಬರು ಕಾನೂನು ಬಲ್ಲವರು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯ ಜನ.

ಬನವಾಸಿ ರಸ್ತೆಯವರಿಗೆ: ಖಮ್ಮಂನಲ್ಲಿ ಸಹಿ ಹಾಕಿಸಿದ ರೀತಿ ತಪ್ಪೇ. 2010ರಲ್ಲಿ ಆ ಯೋಜನೆ ನಿಂತಿತು, 2013ರಲ್ಲಿ ಸಂಸತ್ತಿನ ಸಮಿತಿ ಚೆನ್ನಾಗಿಯೇ ಝಾಡಿಸಿತು. ಆದರೆ ಅಲ್ಲಿ ತೀರಿಕೊಂಡ ಮಕ್ಕಳ ಸಾವಿಗೆ ಲಸಿಕೆ ಕಾರಣ ಅಂತ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಎರಡನ್ನೂ ಸೇರಿಸಿ ಹೇಳಬೇಕು. ‘ಲಾಭ ಬೇರೆಯವರಿಗೆ’ ಅನ್ನುವುದಕ್ಕೂ ಒಂದು ಮಾತು. ಕ್ಷಯ ಬಂದವರು ಸ್ಯಾನಟೋರಿಯಂನಲ್ಲೇ (ಕ್ಷಯದ ಆಸ್ಪತ್ರೆ) ಮಲಗಬೇಕು ಅನ್ನುವ ಕಾಲ ಒಂದಿತ್ತು. 1956ರಲ್ಲಿ ಮದ್ರಾಸಿನಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿ ಇದ್ದವರಿಗೂ ಅಷ್ಟೇ ಚೆನ್ನಾಗಿ ಗುಣವಾಯಿತು, ಜೊತೆಗಿದ್ದ ಮನೆಯವರಿಗೆ ಕಾಯಿಲೆ ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಫಲಿತಾಂಶ ಬಂತು. ಇವತ್ತು ನಮ್ಮೂರಲ್ಲಿ ಟಿಬಿ ಮಾತ್ರೆ ಮನೆಯಲ್ಲಿ ನುಂಗುತ್ತಾರೆ ಅಂದರೆ ಅದರ ಹಿಂದೆ ಆ ರೋಗಿಗಳಿದ್ದಾರೆ.

ಹಾಗಂತ ಸೇರಲೇಬೇಕು ಅಂತ ನಾನು ಹೇಳುತ್ತಿಲ್ಲ.

ತೋಟದಮನೆ_ಶಿರಸಿ:

ಎಲ್ಲರಿಗೂ ಧನ್ಯವಾದ. ಅಕ್ಕ, ನೀವು ಹೇಳಿದ್ದನ್ನೆಲ್ಲ ಆಯಿಗೆ ಓದಿ ಹೇಳಿದೆ. ನಾಮಿನಿ ಕಾಲಂಗೆ ತನ್ನ ಹೆಸರೇ ಬರೆಯಬೇಕು ಅಂತ ಈಗ ಹಠ. ಅಪ್ಪಯ್ಯನದು ಒಂದೇ ಪ್ರಶ್ನೆ, ‘ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಡಬಹುದಾ? ಬಿಟ್ಟರೆ ಡಾಕ್ಟರು ಸಿಟ್ಟು ಮಾಡಿಕೊಂಡು ಮಾಮೂಲಿ ಔಷಧಿಯನ್ನೂ ಸರಿಯಾಗಿ ಕೊಡದೆ ಇದ್ದರೆ?’

ನಾನು ರಾತ್ರಿ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದರು. ಎದ್ದೇ ಇದ್ದಂತಿತ್ತು. ಘಟ್ಟ ಬಂದ್ ಆದರೆ ಏನು ಅಂತಲೂ ಕೇಳಿಬಿಟ್ಟೆ. ವಿಂಡೋ ಮೂರು ದಿನವಂತೆ. ಶಿರಸಿಯಲ್ಲಿ ಡ್ರೆಸಿಂಗ್ ಮಾಡಿಸುವುದಕ್ಕೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದರು. ಟ್ರಯಲ್ ಅಸಲಿಯೋ ನಕಲಿಯೋ ಅಂತ ನೋಡುವ ದಾರಿ ಏನಾದರೂ ಇದೆಯಾ?

ಅಘನಾಶಿನಿ_ತೀರ:

ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಬಿಟ್ಟವರಿಗೆ ಮಾಮೂಲಿ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ಫಾರ್ಮಿನಲ್ಲಿ ಆ ಸಾಲು ಇದ್ದೇ ಇರುತ್ತದೆ. ಅಪ್ಪಯ್ಯನ ಬೆರಳು ಹಿಡಿದು ತೋರಿಸಿ ಓದಿಸಿ. ಬಿಡುವಾಗ ಮಾತ್ರ ಒಂದು ಸಲ ಹೋಗಿ ಕಾಲು ತೋರಿಸಿಬನ್ನಿ, ಅದು ನಿಮ್ಮ ಸುರಕ್ಷತೆಗೇ. ಸಹಿ ಹಾಕಿದ ಫಾರ್ಮಿನ ಒಂದು ಪ್ರತಿ ನಿಮ್ಮ ಕೈಗೆ ಕೊಡಲೇಬೇಕು, ಇಸಿದುಕೊಂಡು ಬನ್ನಿ.

ಅಸಲಿಯಾ ಅಂತ ನೋಡುವುದು ಸುಲಭ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ (ಸಿಟಿಆರ್‌ಐ) ಅಂತ ಸರ್ಕಾರದ್ದೇ ಒಂದು ವೆಬ್‌ಸೈಟ್ ಇದೆ, 2007ರಲ್ಲಿ ಶುರುವಾಗಿದ್ದು. 2009ರಿಂದ ಔಷಧಿಯ ಟ್ರಯಲ್ ಯಾವುದೇ ಆದರೂ ಮೊದಲ ಪೇಷಂಟ್ ಸೇರುವ ಮುಂಚೆಯೇ ಅಲ್ಲಿ ನೋಂದಾಯಿಸಬೇಕು. ಕೋಆರ್ಡಿನೇಟರ್ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ, ಹಾಕಿ ನೋಡಿ. ಯಾವ ಯಾವ ಆಸ್ಪತ್ರೆ, ಎಷ್ಟು ಜನ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಎಲ್ಲಾ ಸಿಗುತ್ತದೆ. ಪುಟ ಇಂಗ್ಲಿಷಿನಲ್ಲಿದೆ, ಅರ್ಥ ಆಗದ ಭಾಗ ಇಲ್ಲಿ ಹಾಕಿ, ನಾನು ಹೇಳುತ್ತೇನೆ. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ಮತ್ತೆ, ಸೇರಲಿ ಬಿಡಲಿ, ಅಪ್ಪಯ್ಯನಿಗೆ ಎಂಸಿಆರ್ ಚಪ್ಪಲಿ ಕೊಡಿಸಿ. ಜೋಮು ಹಿಡಿದ ಕಾಲಿಗೆಂದೇ ಮಾಡುವ ಮೆತ್ತನೆಯ ಅಟ್ಟೆ. ಹುಣ್ಣು ಇರುವ ಕಾಲಿಗೆ ಯಾವ ಅಳತೆ ಅಂತ ಡಾಕ್ಟರನ್ನೇ ಕೇಳಿ, ಅಂಗಡಿಯವರು ಕೊಟ್ಟಿದ್ದನ್ನು ಹಾಕಿಸಬೇಡಿ. ಹುಣ್ಣು ಮಾಯುವ ತನಕ ತೋಟದ ಕಡೆ ತಲೆ ಹಾಕಬಾರದು ಅಂತ ಆಯಿಯ ಬಾಯಲ್ಲೇ ಹೇಳಿಸಿ, ಮಕ್ಕಳ ಮಾತು ಅವರು ಕೇಳುವುದಿಲ್ಲ.

ತೋಟದಮನೆ_ಶಿರಸಿ:

ನಂಬರ್ ಕೊಟ್ಟರು, ವೆಬ್‌ಸೈಟಿನಲ್ಲಿ ಇದೆ. ಆಸ್ಪತ್ರೆ ಹೆಸರೂ ಇದೆ. ಶಿರಸಿ ಡ್ರೆಸಿಂಗ್‌ಗೆ ಡಾಕ್ಟರ ಉತ್ತರ ನಾಳೆ ಬರುತ್ತದೆ, ಅದು ಆಗುವುದಿಲ್ಲ ಅಂದರೆ ನಾವು ಸೇರುವುದಿಲ್ಲ. ಈ ಮಳೆಯಲ್ಲಿ ಆ ಘಟ್ಟ ನಂಬಿಕೊಂಡು ಕೂರಲಿಕ್ಕಾಗುವುದಿಲ್ಲ. ಚಪ್ಪಲಿಗೆ ಅಳತೆ ಕೊಟ್ಟು ಬಂದೆ.