ಯಹೂದಿ ಅನುಭಾವದಲ್ಲಿ ಸ್ವರ್ಗಲೋಕಗಳು, ದೇವದೂತರು ಮತ್ತು ಆತ್ಮ: ಯಾವ ಮಾತು ಯಾವ ಕಾಲದ್ದು?

ಪ್ರಶ್ನೆ — ಕಡಲತಡಿಯ ಓದುಗ

ಮಾನ್ಯರೇ, ಯಹೂದಿ ಅನುಭಾವಿಗಳ ಬೋಧನೆಯನ್ನು ಕುರಿತು ಕೆಲವು ಕಾಲದಿಂದ ಓದುತ್ತಿದ್ದೇನೆ. ಒಂದು ಕಡೆ ಏಳು ಸ್ವರ್ಗಗಳೆಂದಿದೆ, ಇನ್ನೊಂದು ಕಡೆ ಏಳು ಅರಮನೆಗಳೆಂದಿದೆ, ಮತ್ತೊಂದು ಕಡೆ ನಾಲ್ಕು ಲೋಕಗಳ ಮಾತು ಬರುತ್ತದೆ. ಇವೆಲ್ಲವನ್ನೂ ಜೋಡಿಸಿದ ನಕ್ಷೆಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ; ಆದರೆ ಒಂದು ನಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ. ದೇವರೊಬ್ಬನೇ ಎಂಬುದನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳುವ ಧರ್ಮದಲ್ಲಿ ಇಷ್ಟೊಂದು ದೇವದೂತರಿಗೆ ಏನು ಕೆಲಸ, ಅವರಿಗೆ ಪ್ರಾರ್ಥನೆ ಸಲ್ಲಿಸುವುದುಂಟೆ ಎಂಬುದೂ ನನಗೆ ಸ್ಪಷ್ಟವಾಗಿಲ್ಲ. ಕೆಲವರು ಯಹೂದಿಗಳೂ ಪುನರ್ಜನ್ಮವನ್ನು ನಂಬುತ್ತಾರೆಂದು ಬರೆದಿದ್ದರೆ, ಇನ್ನು ಕೆಲವರು ಅದನ್ನು ಖಂಡತುಂಡವಾಗಿ ಅಲ್ಲಗಳೆದಿದ್ದಾರೆ. ಭೂಲೋಕದಿಂದ ಸತ್ಯಲೋಕದವರೆಗೆ ನಮ್ಮ ಪುರಾಣಗಳು ಹೇಳುವ ಏಳು ಲೋಕಗಳಿಗೂ ಈ ಏಳು ಸ್ವರ್ಗಗಳಿಗೂ ನಂಟಿದೆಯೆ? ಮೂಲಗ್ರಂಥಗಳ ಪರಿಚಯವುಳ್ಳವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 — ಗ್ರಂಥಶೋಧಕ

ನೀವು ನೋಡಿದ ನಕ್ಷೆಗಳು ಹೊಂದದಿರುವುದು ಸಹಜ. ಸಾವಿರಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಜಿಜ್ಞಾಸೆಗಳಿಗೆ ಉತ್ತರವಾಗಿ ಹುಟ್ಟಿದ ಮಾತುಗಳನ್ನು ಅವು ಒಂದೇ ಹಾಳೆಗೆ ಇಳಿಸುತ್ತವೆ. ಕಾಲಕ್ರಮದಲ್ಲಿ ಓದಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಈ ಪರಂಪರೆಯ ಬೇರು ಯೆಹೆಜ್ಕೇಲ ಪ್ರವಾದಿಯ ದರ್ಶನದಲ್ಲಿದೆ. ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ, ಬಾಬೆಲಿಗೆ ಸೆರೆಯಾಗಿ ಒಯ್ಯಲ್ಪಟ್ಟವರ ನಡುವೆ ಕೆಬಾರ್ ನದಿಯ ಬಳಿ ಇದ್ದಾಗ, ಮನುಷ್ಯ, ಸಿಂಹ, ಎತ್ತು, ಹದ್ದು ಎಂಬ ನಾಲ್ಕು ಮುಖಗಳುಳ್ಳ ಜೀವಿಗಳನ್ನೂ, ಸುತ್ತಲೂ ಕಣ್ಣುಗಳೇ ತುಂಬಿದ ಚಕ್ರಗಳನ್ನೂ, ಅವುಗಳ ಮೇಲೆ ನೀಲಮಣಿಯಂತಹ ಸಿಂಹಾಸನವನ್ನೂ ಅವನು ಕಂಡನು. ತನ್ನ ಜನ ದೇವಾಲಯದಿಂದ ದೂರವಾದಾಗ ದೇವರ ಸಿಂಹಾಸನವೇ ಚಕ್ರಗಳ ಮೇಲೆ ಪರದೇಶಕ್ಕೆ ಬಂದಿತು ಎಂಬುದು ಈ ದರ್ಶನದ ಜೀವಾಳವೆಂದು ನನ್ನ ಎಣಿಕೆ. ಮುಂದೆ ಇದಕ್ಕೆ ‘ಮೆರ್ಕಾವಾ’, ಅಂದರೆ ರಥ, ಎಂಬ ಹೆಸರು ನಿಂತಿತು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ಮಿಶ್ನಾ ಎಂಬ ಯಹೂದಿ ಧರ್ಮವಿಧಿಗಳ ಗ್ರಂಥವು, ತಾನಾಗಿಯೇ ಅರಿತುಕೊಳ್ಳಬಲ್ಲ ವಿವೇಕಿಯಾಗಿದ್ದ ಹೊರತು ಒಬ್ಬನೇ ಒಬ್ಬ ಶಿಷ್ಯನ ಮುಂದೆಯೂ ರಥದ ರಹಸ್ಯವನ್ನು ವಿವರಿಸಬಾರದೆಂದು ವಿಧಿಸಿತು.

ಏಳು ಸ್ವರ್ಗಗಳ ಪಟ್ಟಿ ಬರುವುದು ಮಿಶ್ನಾವನ್ನು ಕುರಿತ ಚರ್ಚೆಗಳ ಸಂಗ್ರಹವಾದ, ಬಾಬೆಲಿನ ತಾಲ್ಮುದ್‌ನ ಹಗಿಗಾ ಭಾಗದಲ್ಲಿ. ಅಲ್ಲಿಯೂ ಒಮ್ಮತವಿಲ್ಲ. ಆಕಾಶಗಳು ಎರಡೇ ಎಂದು ರಬ್ಬಿ (ಧರ್ಮಗುರು) ಯೆಹೂದಾ ಹೇಳಿದರೆ, 3ನೆಯ ಶತಮಾನದ ರೇಷ್ ಲಾಕಿಷ್ ಏಳೆಂದು ಹೇಳಿ ವಿಲೋನ್, ರಾಕಿಯಾ, ಶೆಹಾಕಿಮ್, ಜೆವುಲ್, ಮಾಓನ್, ಮಾಖೋನ್, ಅರಾವೋತ್ ಎಂದು ಹೆಸರಿಸುತ್ತಾನೆ. ಮೊದಲನೆಯದು ಬೆಳಗ್ಗೆ ಸರಿದು ಸಂಜೆ ಮರಳುವ ತೆರೆಯಷ್ಟೇ. ಎರಡನೆಯದರಲ್ಲಿ ಸೂರ್ಯಚಂದ್ರ ನಕ್ಷತ್ರಗಳಿವೆ. ಮೂರನೆಯದರಲ್ಲಿ ಬೀಸುವ ಕಲ್ಲುಗಳು ಸಜ್ಜನರಿಗಾಗಿ ಮನ್ನ ಎಂಬ ದಿವ್ಯಾಹಾರವನ್ನು ಬೀಸುತ್ತವೆ. ನಾಲ್ಕನೆಯದರಲ್ಲಿ ಮೇಲಣ ಯೆರೂಸಲೇಮೂ ಅದರ ದೇವಾಲಯವೂ ಇದ್ದು, ಅಲ್ಲಿನ ಬಲಿಪೀಠದಲ್ಲಿ ದೇವದೂತ ಮಿಕಾಯೇಲನು ಬಲಿ ಅರ್ಪಿಸುತ್ತಾನೆ. ಐದನೆಯದರ ದೂತರು ರಾತ್ರಿಯಿಡೀ ಹಾಡಿ, ಹಗಲಿನಲ್ಲಿ ಇಸ್ರಾಯೇಲರ ಸ್ತುತಿಗೆ ಎಡೆಗೊಟ್ಟು ಮೌನವಾಗುತ್ತಾರೆ. ಆರನೆಯದು ಹಿಮ ಮತ್ತು ಆಲಿಕಲ್ಲುಗಳ ಉಗ್ರಾಣ. ಏಳನೆಯದರಲ್ಲಿ ನ್ಯಾಯ, ಶಾಂತಿ, ಸಜ್ಜನರ ಆತ್ಮಗಳು, ಇನ್ನೂ ಹುಟ್ಟಬೇಕಾದವರ ಆತ್ಮಗಳು, ಸತ್ತವರನ್ನು ಮುಂದೆ ಎಬ್ಬಿಸುವ ಇಬ್ಬನಿ ಮತ್ತು ಮಹಿಮೆಯ ಸಿಂಹಾಸನ ಇವೆ.

ನೀವು ಕೇಳಿದ ನಂಟಿನ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಗುತ್ತದೆ. ಲ್ಯಾಟಿನ್ ಮೂಲದ ವಿಲೋನ್ ಒಂದನ್ನು ಬಿಟ್ಟರೆ ಉಳಿದ ಆರು ಹೆಸರುಗಳು ಹೀಬ್ರೂ ಧರ್ಮಗ್ರಂಥದ ಬೇರೆ ಬೇರೆ ವಚನಗಳಲ್ಲಿ ಚದುರಿದ್ದವು. ಪ್ರತಿಯೊಂದಕ್ಕೂ ಒಂದು ವಚನವನ್ನು ಆಧಾರವಾಗಿ ತೋರಿಸುತ್ತ ಪಟ್ಟಿ ಬೆಳೆಯುತ್ತದೆ. ಹಾಗಾಗಿ ಇದು ಮೊದಲಿಗೆ ವಚನವ್ಯಾಖ್ಯಾನ, ಆಮೇಲೆ ವಿಶ್ವವರ್ಣನೆ. ಏಳೆಂಬ ಸಂಖ್ಯೆ ಒಂದೇ ಆದ ಮಾತ್ರಕ್ಕೆ ನಮ್ಮ ಪುರಾಣಗಳ ಲೋಕಗಳೊಂದಿಗೆ ಸರಿಗಟ್ಟಿದರೆ ಎರಡೂ ಕಡೆಯ ಸ್ವಾರಸ್ಯ ಕೆಡುತ್ತದೆ.

ಏಳು ಅರಮನೆಗಳು ತಾಲ್ಮುದ್‌ನ ಪಟ್ಟಿಗಿಂತ ಬೇರೆಯಾದ ‘ಹೇಖಾಲೋತ್’, ಅಂದರೆ ಅರಮನೆಗಳು, ಎಂಬ ಸಾಹಿತ್ಯಕ್ಕೆ ಸೇರಿದವು. ಅಲ್ಲಿ ಸಾಧಕನು ಉಪವಾಸ, ಸ್ತೋತ್ರ ಮತ್ತು ದಿವ್ಯನಾಮಗಳ ಬಲದಿಂದ ಒಂದೊಂದೇ ಅರಮನೆಯನ್ನು ದಾಟುತ್ತಾನೆ. ಪ್ರತಿ ಬಾಗಿಲಿನಲ್ಲಿಯೂ ಭಯಂಕರ ಕಾವಲುದೂತರಿಗೆ ಸರಿಯಾದ ಮುದ್ರೆಯನ್ನು ತೋರಿಸಬೇಕು. ಆ ದಾರಿಯ ಅಪಾಯವನ್ನು ತಾಲ್ಮುದ್ ಕೂಡ ಒಂದು ಪುಟ್ಟ ಪ್ರಸಂಗದಲ್ಲಿ ಹೇಳುತ್ತದೆ. ನಾಲ್ವರು ‘ಪರ್ದೇಸ್’ ಎಂಬ ಉದ್ಯಾನವನ್ನು ಹೊಕ್ಕರು. ಬೆನ್ ಅಜಾಯ್ ನೋಡಿ ಸತ್ತನು, ಬೆನ್ ಜೋಮಾ ನೋಡಿ ಬುದ್ಧಿಭ್ರಮಣೆಗೊಂಡನು, ‘ಅಹೇರ್’ ಎನಿಸಿಕೊಂಡ ಎಲಿಶಾ ಬೆನ್ ಅಬೂಯಾ ಸಸಿಗಳನ್ನು ಕಡಿದನು, ಅಂದರೆ ಧರ್ಮಭ್ರಷ್ಟನಾದನು, ರಬ್ಬಿ ಅಕೀವಾ ಒಬ್ಬನೇ ಕ್ಷೇಮವಾಗಿ ಹೊರಬಂದನು.

ನಾಲ್ಕು ಲೋಕಗಳು ಇನ್ನೂ ಈಚಿನವು. ಮಧ್ಯಯುಗದ ಕಬ್ಬಾಲಾ ಎಂಬ ಯಹೂದಿ ಅನುಭಾವ ಪಂಥದಲ್ಲಿ ರೂಪುಗೊಂಡು 16ನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನಲ್ಲಿ ವ್ಯವಸ್ಥಿತವಾದ ಈ ಅತ್ಸಿಲೂತ್, ಬೆರಿಯಾ, ಯೆತ್ಸಿರಾ, ಅಸಿಯಾಗಳು ಒಂದರ ಮೇಲೊಂದಿರುವ ಅಂತಸ್ತುಗಳಲ್ಲ. ಅನಂತನಾದ ದೇವರ ಬೆಳಕು ಹಂತಹಂತವಾಗಿ ಮರೆಯಾಗುತ್ತ ಈ ಸ್ಥೂಲಜಗತ್ತಿನವರೆಗೆ ಬರುವ ನಾಲ್ಕು ಸ್ಥಿತಿಗಳು. ತಾಲ್ಮುದ್ ಭೂಮಿಯಿಂದ ಆಕಾಶಕ್ಕೆ 500 ವರ್ಷಗಳ ನಡಿಗೆಯ ದೂರವೆಂದು ಅಳೆಯುತ್ತದೆ. ಇಲ್ಲಿ ಅಂತಹ ಅಳತೆಗೆ ಅರ್ಥವೇ ಇಲ್ಲ.

ಉತ್ತರ 2 — ಸಂಜೆಮಲ್ಲಿಗೆ

ಗ್ರಂಥಶೋಧಕರ ವಿವರಣೆ ಚೆನ್ನಾಗಿದೆ. ದೇವದೂತರ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಹೇರನ ಪತನಕ್ಕೂ ಅದಕ್ಕೂ ಸಂಬಂಧವಿದೆ. ಇಸ್ರಾಯೇಲರ ಪುಣ್ಯಗಳನ್ನು ಬರೆದಿಡಲು ಮೆಟಟ್ರೋನ್ ಎಂಬ ದೂತನಿಗೆ ಕುಳಿತುಕೊಳ್ಳುವ ಅನುಮತಿ ಇತ್ತು. ಮೇಲಣ ಲೋಕದಲ್ಲಿ ದೇವರ ಹೊರತು ಯಾರೂ ಕುಳಿತಿರುವುದಿಲ್ಲವೆಂದು ಕಲಿತಿದ್ದ ಅಹೇರನು ಅವನನ್ನು ಕಂಡು, ‘ಹಾಗಾದರೆ ಎರಡು ಶಕ್ತಿಗಳಿರಬಹುದೇ’ ಎಂದು ಶಂಕಿಸಿದನು. ಆಗ ಮೆಟಟ್ರೋನನನ್ನು ಹೊರಗೆಳೆದು 60 ಬೆಂಕಿಯ ಚಾಟಿಯೇಟುಗಳನ್ನು ಕೊಟ್ಟರಂತೆ. ಹೇಖಾಲೋತ್ ಸಾಹಿತ್ಯದಲ್ಲಿ ಇದೇ ಮೆಟಟ್ರೋನನು ಸ್ವರ್ಗಕ್ಕೆ ಒಯ್ಯಲ್ಪಟ್ಟ, ಧರ್ಮಗ್ರಂಥದ ಪೂರ್ವಜ ಹನೋಕನೇ ಆಗಿ, ಬೆಂಕಿಯ ದೇಹವನ್ನು ಪಡೆದು, ರಬ್ಬಿ ಇಷ್ಮಾಯೇಲನಿಗೆ ಸ್ವರ್ಗವನ್ನು ತೋರಿಸುತ್ತಾನೆ. ದೂತನನ್ನು ಎಷ್ಟು ಎತ್ತರಕ್ಕೆ ಏರಿಸಿದರೂ ಅವನು ದೇವರಾಗಬಾರದೆಂಬ ಎಚ್ಚರವು ಆ ಚಾಟಿಯೇಟುಗಳಲ್ಲಿದೆ.

ದೂತರ ಸ್ವಭಾವದ ಬಗ್ಗೆಯೂ ಒಂದೇ ಮಾತಿಲ್ಲ. ಪ್ರಾಚೀನ ವ್ಯಾಖ್ಯಾನಕಾರರ ಪ್ರಕಾರ ಒಬ್ಬ ದೂತನಿಗೆ ಒಂದೇ ಕೆಲಸ. ಅಬ್ರಹಾಮನ ಗುಡಾರಕ್ಕೆ ಮೂವರು ಬಂದದ್ದು ಮೂರು ಕೆಲಸಗಳಿದ್ದುದರಿಂದ. ತಾಲ್ಮುದ್‌ನಲ್ಲಿ ಇದಕ್ಕಿಂತ ಮನಕಲಕುವ ಮಾತೊಂದಿದೆ: ಬೆಂಕಿಯ ನದಿಯಿಂದ ದಿನವೂ ಹೊಸ ದೂತರು ಹುಟ್ಟಿ, ಒಂದು ಸ್ತುತಿಯನ್ನು ಹಾಡಿ, ಇಲ್ಲವಾಗುತ್ತಾರೆ. ಹೆಸರುಳ್ಳ ದೂತರು ಧರ್ಮಗ್ರಂಥದಲ್ಲಿ ಕಾಣಿಸಿಕೊಳ್ಳುವುದು ದಾನಿಯೇಲನ ಪುಸ್ತಕದಲ್ಲಿ ಮಾತ್ರ, ಅದೂ ಗಬ್ರಿಯೇಲ ಮತ್ತು ಮಿಕಾಯೇಲ ಇಬ್ಬರೇ. ದೂತರ ಹೆಸರುಗಳು ಬಾಬೆಲಿನಿಂದ ತಮ್ಮೊಡನೆ ಬಂದವೆಂದು ಯೆರೂಸಲೇಮಿನ ತಾಲ್ಮುದ್, ಅಂದರೆ ಬಾಬೆಲಿನದಕ್ಕಿಂತ ಬೇರೆಯಾದ ಸಂಗ್ರಹ, ನೇರವಾಗಿಯೇ ಹೇಳುತ್ತದೆ. 12ನೆಯ ಶತಮಾನದ ತತ್ತ್ವಜ್ಞಾನಿ ಮೈಮೊನಿಡೀಸ್ ದೂತರನ್ನು ಹತ್ತು ದರ್ಜೆಗಳಲ್ಲಿ ವಿಂಗಡಿಸಿದರೂ, ಅವರು ದೇಹವಿಲ್ಲದ ಶುದ್ಧಪ್ರಜ್ಞೆಗಳೆಂದೂ, ರೆಕ್ಕೆ ಮುಖಗಳ ವರ್ಣನೆ ಪ್ರವಾದಿಯ ದರ್ಶನದ ಭಾಷೆಯೆಂದೂ ವಾದಿಸಿದನು. ಅನುಭಾವಿಗಳು ಈ ಒಣ ವಿವರಣೆಗೆ ತೃಪ್ತರಾಗಲಿಲ್ಲ. ಮನುಷ್ಯನು ಮಾಡುವ ಪ್ರತಿಯೊಂದು ಸತ್ಕಾರ್ಯವೂ ಒಬ್ಬ ದೂತನನ್ನು ಹುಟ್ಟಿಸುತ್ತದೆ ಎಂಬಲ್ಲಿಯವರೆಗೆ ಅವರು ಹೋದರು.

ಪ್ರಾರ್ಥನೆಯ ವಿಷಯಕ್ಕೆ ಬಂದರೆ, ಯೆರೂಸಲೇಮಿನ ತಾಲ್ಮುದ್‌ನ ನಿಲುವು ಖಚಿತವಾಗಿದೆ: ಸಂಕಟ ಬಂದವನು ಮಿಕಾಯೇಲನಿಗಾಗಲಿ ಗಬ್ರಿಯೇಲನಿಗಾಗಲಿ ಮೊರೆಯಿಡದೆ ದೇವರಿಗೇ ಮೊರೆಯಿಡಬೇಕು. ಆಚರಣೆಯಲ್ಲಿ ಮಾತ್ರ ಗೆರೆ ಅಷ್ಟು ನೇರವಾಗಿಲ್ಲ. ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಮುನ್ನಾ ಸಂಜೆ ಪ್ರಾರ್ಥನಾಮಂದಿರದಿಂದ ಮನೆಗೆ ಮರಳುವವನೊಂದಿಗೆ ಇಬ್ಬರು ದೂತರು ಬರುತ್ತಾರೆಂಬ ನಂಬಿಕೆಯಂತೆ, ಇಂದಿಗೂ ಅಸಂಖ್ಯಾತ ಮನೆಗಳಲ್ಲಿ ಅವರನ್ನು ಸ್ವಾಗತಿಸಿ ‘ನನ್ನನ್ನು ಹರಸಿರಿ’ ಎಂದು ಹಾಡುತ್ತಾರೆ. ಪಶ್ಚಾತ್ತಾಪದ ದಿನಗಳ ಒಂದು ಸ್ತೋತ್ರವು ನಮ್ಮ ಮೊರೆಯನ್ನು ದೇವರ ಮುಂದೆ ಒಯ್ಯಿರೆಂದು ದೂತರನ್ನೇ ಬೇಡುತ್ತದೆ. ಪ್ರಾಗ್ ನಗರದ ರಬ್ಬಿ ಮಹಾರಾಲ್ ಇದಕ್ಕೆ ಆಕ್ಷೇಪವೆತ್ತಿದ್ದನು. ಆಕ್ಷೇಪವೂ ಉಳಿದಿದೆ, ಸ್ತೋತ್ರವೂ ಉಳಿದಿದೆ.

ಕಡಲತಡಿಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಆತ್ಮ ಮತ್ತು ಪುನರ್ಜನ್ಮದ ಪ್ರಶ್ನೆ ಇನ್ನೂ ಉಳಿದಿದೆ. ಅದು ನಮ್ಮ ಕರ್ಮಸಿದ್ಧಾಂತವೇ ಎಂದು ಬರೆದವರಿದ್ದಾರೆ. ಆ ಮಾತು ನಿಲ್ಲುತ್ತದೆಯೆ?

ಉತ್ತರ 3 — ನೀಲಕುರಿಂಜಿ

ಹಾಗೆ ಬರೆದವರು ಮೊದಲು ಸಾದಿಯಾ ಗಾಓನನ ಹೆಸರನ್ನು ಕೇಳಬೇಕಿತ್ತು. 10ನೆಯ ಶತಮಾನದಲ್ಲಿ ಬಾಬೆಲಿನ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ಆತನು, ಆತ್ಮವು ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆಂಬ ಮತವನ್ನು ಮೂರ್ಖತನವೆಂದೇ ಕರೆದು ತಳ್ಳಿಹಾಕಿದನು. ತಾಲ್ಮುದ್ ಪುನರ್ಜನ್ಮವನ್ನು ಬೋಧಿಸುವುದಿಲ್ಲ. ಆತ್ಮದ ಬಗ್ಗೆ ಅದು ಹೇಳುವ ಕಥೆಗಳು ಬೇರೆ ಬಗೆಯವು: ಗರ್ಭದಲ್ಲಿರುವ ಶಿಶುವಿನ ತಲೆಯ ಮೇಲೆ ದೀಪವೊಂದು ಉರಿಯುತ್ತಿರುತ್ತದೆ, ಅದು ಲೋಕವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಾಣುತ್ತದೆ, ತೋರಾ ಎಂಬ ಧರ್ಮಶಾಸ್ತ್ರವನ್ನು ಪೂರ್ತಿ ಕಲಿಯುತ್ತದೆ, ಹೊರಬರುವ ಹೊತ್ತಿಗೆ ದೂತನೊಬ್ಬನು ಬಾಯಿಗೆ ಹೊಡೆದು ಎಲ್ಲವನ್ನೂ ಮರೆಸುತ್ತಾನೆ. ಸಜ್ಜನರ ಆತ್ಮಗಳು ಮರಣದ ನಂತರ ಮಹಿಮೆಯ ಸಿಂಹಾಸನದ ಅಡಿಯಲ್ಲಿ ಇರಿಸಲ್ಪಡುತ್ತವೆ ಎಂಬುದೂ ಅಲ್ಲಿನ ಮಾತೇ.

ಪುನರ್ಜನ್ಮವು ‘ಗಿಲ್ಗುಲ್’ ಎಂಬ ಹೆಸರಿನಲ್ಲಿ ನೆಲೆಗೊಂಡದ್ದು ಕಬ್ಬಾಲಾದೊಂದಿಗೆ. 12ನೆಯ ಶತಮಾನದ ಕೊನೆಯಲ್ಲಿ ಕಾಣಿಸಿಕೊಂಡ ಬಾಹಿರ್ ಗ್ರಂಥವು, ಸಜ್ಜನನಿಗೆ ಕಷ್ಟವೂ ದುರ್ಜನನಿಗೆ ಸುಖವೂ ಏಕೆ ಎಂಬ ಹಳೆಯ ಪ್ರಶ್ನೆಗೆ, ಅವನು ಹಿಂದೆ ಏನಾಗಿದ್ದನೆಂದು ನಿನಗೇನು ಗೊತ್ತು ಎಂಬ ಧಾಟಿಯಲ್ಲಿ ಉತ್ತರಿಸುತ್ತದೆ. ಇಲ್ಲಿಯವರೆಗೆ ಕರ್ಮಸಿದ್ಧಾಂತದ ನೆರಳು ಕಾಣುವುದು ನಿಜ. ಆದರೆ 13ನೆಯ ಶತಮಾನದ ಜೋಹಾರ್ ಗ್ರಂಥವು ಗಿಲ್ಗುಲನ್ನು ಎಲ್ಲರಿಗೂ ಅನ್ವಯಿಸುವ ನಿಯಮವಾಗಿ ಹೇಳದೆ, ಮುಖ್ಯವಾಗಿ ಸಂತಾನವಿಲ್ಲದೆ ತೀರಿಕೊಂಡವನಿಗೆ ಸಿಗುವ ಇನ್ನೊಂದು ಅವಕಾಶವಾಗಿ ನೋಡುತ್ತದೆ.

ಅದೇ ಜೋಹಾರ್ ಆತ್ಮದ ಮೂರು ಅಂತಸ್ತುಗಳನ್ನು ವಿವರಿಸುತ್ತದೆ. ಹುಟ್ಟುವಾಗ ಎಲ್ಲರಿಗೂ ಸಿಗುವುದು ‘ನೆಫೇಷ್’ ಎಂಬ ಜೀವಚೈತನ್ಯ ಮಾತ್ರ. ಅದಕ್ಕೂ ಮೇಲಣ ‘ರೂಆಖ್’ ಮತ್ತು ‘ನೆಶಾಮಾ’ಗಳನ್ನು ಮನುಷ್ಯನು ಬದುಕಿನಲ್ಲಿ ಸಂಪಾದಿಸಿಕೊಳ್ಳಬೇಕು. ಮರಣದ ನಂತರ ನೆಫೇಷ್ ಸಮಾಧಿಯ ಬಳಿ ಸುಳಿದಾಡುತ್ತದೆ, ರೂಆಖ್ ಕೆಳಗಣ ಏದೆನ್ ತೋಟವನ್ನು ಸೇರುತ್ತದೆ, ನೆಶಾಮಾ ತನ್ನ ಮೂಲಕ್ಕೆ ಏರುತ್ತದೆ. ಹುಟ್ಟಿನಿಂದ ಪೂರ್ಣವಾಗಿರದೆ ನಡತೆಯಿಂದ ಬೆಳೆಯುವ ಆತ್ಮವೆಂಬ ಈ ವಿಚಾರವೇ ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುತ್ತದೆ. ಪುನರ್ಜನ್ಮದ ಕುತೂಹಲದಲ್ಲಿ ಜನ ಇದನ್ನು ದಾಟಿಕೊಂಡು ಹೋಗುತ್ತಾರೆ.

ಗಿಲ್ಗುಲನ್ನು ಸಾರ್ವತ್ರಿಕ ನಿಯಮವಾಗಿಸಿದವರು ಸಫೇದಿನ ಕಬ್ಬಾಲಿಗರು. ಐಸಾಕ್ ಲೂರಿಯಾ 1570ರಲ್ಲಿ ಈಜಿಪ್ಟಿನಿಂದ ಅಲ್ಲಿಗೆ ಬಂದು 1572ರಲ್ಲಿಯೇ, 38ರ ವಯಸ್ಸಿನಲ್ಲಿ, ತೀರಿಕೊಂಡನು. ಆತನು ಬರೆದದ್ದು ಬಹಳ ಕಡಿಮೆ. ನಮಗೆ ಸಿಕ್ಕಿರುವುದು ಹೆಚ್ಚಾಗಿ ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟದ್ದು. ಅದರ ಪ್ರಕಾರ ಎಲ್ಲ ಆತ್ಮಗಳೂ ಆದಾಮನ ಒಂದೇ ಮಹಾತ್ಮದ ಅಂಗಗಳಾಗಿದ್ದವು. ಅವನ ಪಾಪದಿಂದ ಅವು ಕಿಡಿಗಳಾಗಿ ಚದುರಿದವು. ಪ್ರತಿಯೊಂದು ಆತ್ಮವೂ ತೋರಾದ 613 ವಿಧಿಗಳನ್ನು ಪೂರ್ಣಗೊಳಿಸಬೇಕು, ಉಳಿದುದಕ್ಕಾಗಿ ಮರಳಿ ಬರಬೇಕು. ಗುರಿ ಜನನಮರಣದ ಚಕ್ರದಿಂದ ಒಬ್ಬನು ಬಿಡುಗಡೆ ಹೊಂದುವುದಲ್ಲ; ಮುರಿದ ಜಗತ್ತನ್ನೇ ಸರಿಪಡಿಸುವುದು, ಅಂದರೆ ‘ತಿಕ್ಕುನ್’. ಕರ್ಮಸಿದ್ಧಾಂತದೊಂದಿಗೆ ಹೋಲಿಸಬಹುದು, ಅದೇ ಇದು ಎನ್ನಲಾಗದು.

ಗ್ರಂಥಶೋಧಕ

ನೀಲಕುರಿಂಜಿಯವರ ಮಾತಿಗೆ ಎರಡು ಸೇರ್ಪಡೆಗಳು. ಜೋಹಾರ್ ಗ್ರಂಥವು 2ನೆಯ ಶತಮಾನದ ರಬ್ಬಿ ಶಿಮೋನ್ ಬಾರ್ ಯೋಹಾಯ್ ರಚಿಸಿದ್ದೆಂಬುದು ಸಂಪ್ರದಾಯಸ್ಥರ ನಂಬಿಕೆ. 20ನೆಯ ಶತಮಾನದ ವಿದ್ವಾಂಸ ಗೆರ್ಶೋಮ್ ಶೋಲೆಮ್ ಅದರ ಕೃತಕ ಅರಾಮಿಕ್ ಭಾಷೆಯನ್ನೂ ಅದು ಬಳಸುವ ಆಕರಗಳನ್ನೂ ಪರಿಶೀಲಿಸಿ, ಬಹುಭಾಗವನ್ನು ಬರೆದವನು 1305ರಲ್ಲಿ ತೀರಿಕೊಂಡ, ಸ್ಪೇನಿನ ಕಾಸ್ಟೀಲಿನ ಮೋಶೆ ದೆ ಲಿಯೋನ್ ಎಂದು ನಿರ್ಣಯಿಸಿದನು. ಈಚಿನ ಕೆಲವು ವಿದ್ವಾಂಸರು ಒಬ್ಬನಿಗಿಂತ ಒಂದು ಬಳಗದ ಕೃತಿಯೆಂದು ಕಾಣುತ್ತಾರೆ. ನೀವು ಯಾವ ಪುಸ್ತಕವನ್ನು ಓದಿದರೂ ಅದು ಈ ಪ್ರಶ್ನೆಯಲ್ಲಿ ಯಾವ ಪಕ್ಷದ್ದೆಂದು ಮೊದಲು ನೋಡಿಕೊಳ್ಳಿ.

ಎರಡನೆಯದು, ಈ ವಿಚಾರಗಳು ಸಾಮಾನ್ಯರ ಆಚರಣೆಯಲ್ಲಿ ಹೇಗೆ ಬೆರೆತವೆಂಬುದಕ್ಕೆ ಸಂಬಂಧಿಸಿದ್ದು. ದುರ್ಜನರಿಗೆ ಗೆಹಿನ್ನೋಮ್ ಎಂಬ ನರಕದಲ್ಲಿ 12 ತಿಂಗಳ ಶಿಕ್ಷೆಯೆಂದು ಮಿಶ್ನಾ ಹೇಳುತ್ತದೆ. ತೀರಿಕೊಂಡ ತಂದೆತಾಯಿಯ ಆತ್ಮದ ಒಳಿತಿಗಾಗಿ ಮಕ್ಕಳು ಕದ್ದೀಷ್ ಎಂಬ ಸ್ತುತಿಪ್ರಾರ್ಥನೆಯನ್ನು ಹೇಳುವ ಪದ್ಧತಿ ಮಧ್ಯಯುಗದಲ್ಲಿ ಬೆಳೆದಾಗ, ಪೂರ್ತಿ 12 ತಿಂಗಳು ಹೇಳಿದರೆ ಹೆತ್ತವರನ್ನು ದುರ್ಜನರ ಸಾಲಿಗೆ ಸೇರಿಸಿದಂತಾಗುವುದೆಂದು, ಕ್ರಾಕೋವಿನ ರಬ್ಬಿ ಮೋಶೆ ಇಸ್ಸರ್ಲೆಸ್ 11 ತಿಂಗಳಿಗೆ ನಿಲ್ಲಿಸುವ ರೂಢಿಯನ್ನು 16ನೆಯ ಶತಮಾನದಲ್ಲಿ ದಾಖಲಿಸಿದನು. ಗಿಲ್ಗುಲನ್ನು ನಂಬದ ಕುಟುಂಬಗಳೂ ಇಂದಿಗೂ ಆ ಲೆಕ್ಕವನ್ನು ಪಾಲಿಸುತ್ತವೆ.