ಪದಚರ್ಚೆ: 'ಶ್ವಾಸೋತ್ತೇಜಕ' ಬೇಡವಾದರೆ ಇನ್ನೇನು?

ಬಳಗದವರಿಗೆ ನಮಸ್ಕಾರ. ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳ ಮನೆಯವರಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಉಸಿರಾಟವನ್ನು ಚುರುಕುಗೊಳಿಸುವ ಡಾಕ್ಸಾಪ್ರಾಮ್, ಅಸೆಟಜೋಲಮೈಡ್ ಔಷಧಗಳ ಗುಂಪಿಗೆ ಹೆಸರು ಸಿಗುತ್ತಿಲ್ಲ. 'ಶ್ವಾಸೋತ್ತೇಜಕ' ಎಂದು ಬರೆದು ನೆರೆಮನೆಯವರಿಗೆ ಓದಿಸಿದೆ, "ಇನ್‌ಹೇಲರ್ ತಾನೇ?" ಎಂದರು. ಇನ್‌ಹೇಲರ್‌ನಲ್ಲಿ ಹೆಚ್ಚಾಗಿ ಇರುವುದು ಶ್ವಾಸನಾಳ ಹಿಗ್ಗಿಸುವ ಔಷಧ, ಅದು ಬೇರೆ. 'ಉದ್ದೀಪಕ' ಎಂದರೆ ಕ್ರೀಡಾಪುಟದ ಉದ್ದೀಪನ ಮದ್ದು ನೆನಪಾಗುತ್ತದೆ. ದಯವಿಟ್ಟು ಇಂದೇ ತಿಳಿಸಿ.

ಉತ್ತರ:
ಉಸಿರು ಇರುವಾಗ ಶ್ವಾಸವೇಕೆ? 'ಉಸಿರಾಡಿಸುಮದ್ದು' ಎನ್ನಿ. ಧಾತುವಿಗೆ ನಾಮಪದ ಬೆಸೆಯುವುದು ಕನ್ನಡದ ಜಾಯಮಾನ. ಸುಡುಗಾಡು, ಉರಿಗಣ್ಣು ಇಲ್ಲವೇ? ಇದರಲ್ಲಿ ಚರ್ಚಿಸಲು ಏನೂ ಇಲ್ಲ.

ಮರು ಉತ್ತರ (ಪ್ರಶ್ನೆ ಕೇಳಿದವರಿಂದ):
ಇದೆ. ಬೆಸುಗೆ ಸರಿ, ಇನ್ನೊಬ್ಬರಿಂದ ಮಾಡಿಸುವ ಅರ್ಥ ಕೊಡುವ 'ಇಸು' ತಪ್ಪು. ಉಸಿರಾಡಿಸುವುದು ವೆಂಟಿಲೇಟರ್. ರಕ್ತನಾಳಕ್ಕೆ ಹರಿಸುವ ಡಾಕ್ಸಾಪ್ರಾಮ್ ರಕ್ತದ ಆಮ್ಲಜನಕವನ್ನು ಗಮನಿಸುವ ಕತ್ತಿನ ಕೆರೋಟಿಡ್ ಕಾಯಗಳನ್ನೂ ಮಿದುಳುಕಾಂಡವನ್ನೂ ಚುರುಕುಗೊಳಿಸುತ್ತದೆ. ಅಸೆಟಜೋಲಮೈಡ್ ರಕ್ತವನ್ನು ತುಸು ಆಮ್ಲೀಯವಾಗಿಸುತ್ತದೆ, ಆಗ ಮಿದುಳು ತಾನೇ ಹೆಚ್ಚು ಉಸಿರು ಕೇಳುತ್ತದೆ. ಎರಡರಲ್ಲೂ ಉಸಿರಾಡುವವರು ರೋಗಿಯೇ. ಡಾಕ್ಸಾಪ್ರಾಮ್ ಇದ್ದ ಜಾಗಕ್ಕೆ ಈಗ ಬಹುಮಟ್ಟಿಗೆ ಬೈಪ್ಯಾಪ್ ಮಾಸ್ಕ್ (ಒತ್ತಡದಿಂದ ಗಾಳಿ ನೀಡುವ ಯಂತ್ರದ ಮುಖವಾಡ) ಬಂದಿರುವುದರಿಂದ, ಯಂತ್ರ ಯಾವುದು, ಔಷಧ ಯಾವುದು ಎಂಬುದು ಓದುವವರಿಗೆ ಕಲಸಿಹೋಗಬಾರದು.

ನನ್ನ ಅಮ್ಮ ಸೌದೆ ಒಲೆಯ ಹೊಗೆಯಲ್ಲೇ ಬದುಕು ಸವೆಸಿದವರು. ವಾರ್ಡಿನಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರಿಗೆ ಜಾರಿದಾಗಲೆಲ್ಲ ನರ್ಸ್ ಭುಜ ತಟ್ಟಿ, "ಉಸಿರು ಎಳೆದುಕೊಳ್ಳಿ ಅಮ್ಮ" ಎನ್ನುತ್ತಿದ್ದರು. ಅಮ್ಮ ಎಳೆದುಕೊಳ್ಳುತ್ತಿದ್ದರು, ಕತ್ತಿನ ನರ ಬಿಗಿಯುತ್ತಿತ್ತು. ಈ ಔಷಧ ಮಾಡುವುದೂ ಅಷ್ಟೇ, ಭುಜ ತಟ್ಟುತ್ತದೆ. ಅದು ಪದದಲ್ಲಿ ಕಾಣಬೇಕು.

ಇನ್ನು 'ಮದ್ದು'. ಕರಾವಳಿಯವರಿಗೆ ಅದು ದಿನಬಳಕೆಯ ಮಾತು. ನಮ್ಮ ಮೈಸೂರು ಕಡೆಯ ಹಳ್ಳಿಗಳಲ್ಲಿ "ಮದ್ದು ಹಾಕಿದ್ದಾರೆ" ಎಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟರು ಎಂದೇ ಅರ್ಥ. ರೋಗಿಯ ಕೈಗೆ ಕೊಡುವ ಪುಸ್ತಕದಲ್ಲಿ ಅದನ್ನು ಹಾಕಲಾರೆ.

'ಉಸಿರಾಟ ಪ್ರೇರಕ ಔಷಧ' ಎಂದು ಬರೆಯುತ್ತಿದ್ದೇನೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುವುದಿಲ್ಲ. ಮಳೆಗಾಲದಲ್ಲಿ 'ಕಾಲ' ಸಂಸ್ಕೃತದ್ದು, ಇನ್‌ಹೇಲರ್ ಇಂಗ್ಲಿಷಿನದು. ಎರಡೂ ನಮ್ಮ ಮನೆಯೊಳಗೇ ಇವೆ. ಬೆಳಿಗ್ಗೆ 10 ಗಂಟೆಯೊಳಗೆ ಇದಕ್ಕಿಂತ ತಿಳಿಯಾದ ಪದ ಯಾರಿಗಾದರೂ ಹೊಳೆದರೆ ಬರೆಯಿರಿ. ಪುಟ ತಿದ್ದಿಕೊಡಲು ಮುದ್ರಕರು ಒಪ್ಪಿದ್ದಾರೆ.