ಟಾರ್ಚರ್ ಅನ್ನೋ ಪದ ಎಲ್ಲಿಂದ ಬಂತು? ಟಾರ್ಚ್‌ಗೂ ಅದಕ್ಕೂ ಸಂಬಂಧ ಇದ್ಯಾ?

ಅಕ್ಷರಹುಳ:
ನಮಸ್ಕಾರ ಎಲ್ರಿಗೂ. ದಿನಕ್ಕೆ ಹತ್ತು ಸಲ "ಯಾಕಪ್ಪಾ ಟಾರ್ಚರ್ ಕೊಡ್ತೀಯ" ಅಂತೀವಿ, ಯಾವತ್ತೂ ಅದರ ಬಗ್ಗೆ ಯೋಚ್ನೆ ಮಾಡಿರ್ಲಿಲ್ಲ. ನಿನ್ನೆ ಒಂದು ಲೇಖನ ಅನುವಾದ ಮಾಡ್ತಾ ಕೂತಿದ್ದೆ, ಒಂದೇ ವಾಕ್ಯದಲ್ಲಿ ಟಾರ್ಚರ್, ಟಾರ್ಮೆಂಟ್ ಎರಡೂ ಬಂದ್ಬಿಟ್ವು. ಎರಡಕ್ಕೂ ಹಿಂಸೆ ಅಂತ ಹಾಕಿದ್ರೆ ಸಪ್ಪೆ, ಬೇರೆ ಬೇರೆ ಹಾಕೋಣ ಅಂದ್ರೆ ಯಾವುದಕ್ಕೆ ಯಾವುದು ಅಂತ ಗೊತ್ತಾಗ್ದೆ ತಲೆ ಕೆಟ್ಟೋಯ್ತು. ಪಂಜಿನಿಂದ ಸುಡೋದಕ್ಕೇ ಟಾರ್ಚರ್ ಅಂತ ಹೆಸರು ಬಂದಿದ್ದು ಅಂತ ಹಿಂದೆ ಯಾರೋ ಹೇಳಿದ್ರು, ಅದು ನಿಜಾನಾ?

ಬೇರುಬಿಳಲು:
ಸುಡೋದಲ್ಲ ಗುರು, ತಿರುಚೋದು. ಲ್ಯಾಟಿನ್‌ನಲ್ಲಿ ತೋರ್ಕ್ವೇರೆ ಅಂದ್ರೆ ತಿರುಚು, ಹೊಸೆ ಅಂತ. ಅದರಿಂದ ತೋರ್ತೂರಾ, ಅದು ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂದು ಟಾರ್ಚರ್ ಆಯ್ತು. ಮೊದ್ಲು ನಾಮಪದ, ಕ್ರಿಯಾಪದವಾಗಿ ಬಳಕೆಗೆ ಬಂದಿದ್ದು 16ನೇ ಶತಮಾನದ ಕೊನೇಲಿ. ಕೈಕಾಲು ತಿರುಚೋ ಶಿಕ್ಷೆ ಅನ್ನೋ ಅರ್ಥ ಅದರ ಹೊಟ್ಟೆಯೊಳಗೇ ಇದೆ.

ಮಜಾ ಏನಂದ್ರೆ ಟಾರ್ಚ್ ಕೂಡ ಅದೇ ಬೇರಿಂದಾನೇ ಬಂದಿದ್ದು! ನಾರನ್ನ ಹೊಸೆದು ಮೇಣದಲ್ಲಿ ಅದ್ದಿ ಹಚ್ತಿದ್ರಲ್ಲ, ಆ ಹೊಸೆದಿದ್ದಕ್ಕೆ ಟಾರ್ಚ್ ಅಂತ ಹೆಸರು, ಉರಿಯೋದಕ್ಕಲ್ಲ. ಹಾಗಾಗಿ ನಿಮಗೆ ಹೇಳಿದವ್ರು ಪೂರ್ತಿ ತಪ್ಪೂ ಅಲ್ಲ, ಅಕ್ಕತಂಗೀರನ್ನ ತಾಯಿ ಮಗಳು ಅಂದುಬಿಟ್ಟಿದ್ದಾರೆ ಅಷ್ಟೇ.

ಟಾರ್ಮೆಂಟ್ ಕಥೆ ಇನ್ನೂ ಚೆನ್ನಾಗಿದೆ. ರೋಮನ್ನರು ಕೋಟೆ ಗೋಡೆಗೆ ಕಲ್ಲು ಬೀರೋ ಯಂತ್ರಕ್ಕೆ ತೋರ್ಮೆಂಟುಮ್ ಅಂತಿದ್ರು. ಪ್ರಾಣಿಗಳ ಸ್ನಾಯು, ಕೂದಲಿನ ಹಗ್ಗಾನ ಕಟ್ಟುಕಟ್ಟಾಗಿ ಬಿಗಿದು, ಮಧ್ಯೆ ಒಂದು ಮರದ ತೋಳು ಸಿಗಿಸಿ, ಹಗ್ಗ ಇನ್ನು ಕಿತ್ತೇಹೋಗುತ್ತೆ ಅನ್ನೋವರೆಗೂ ತಿರುಚಿ ಆ ತೋಳನ್ನ ಹಿಂದಕ್ಕೆಳೆದು ಬಿಟ್ರೆ ಕಲ್ಲು ಹಾರೋದು. ಜನರನ್ನ ಹಿಂಸೆ ಮಾಡೋ ಸಾಧನಕ್ಕೂ ಅದೇ ಹೆಸರು. ಗೋಡೆಗೂ ಮೈಗೂ ಒಂದೇ ಪದ ಸಾಕಾಯ್ತು ಅವ್ರಿಗೆ, ಏನ್ ಜನಾನೋ.

ನಟ್ಟುಬೋಲ್ಟು:
ಹಾಗಾದ್ರೆ ನನ್ನ ಟಾರ್ಕ್ ರೆಂಚೂ (ಬೋಲ್ಟ್‌ನ ಅಳತೆಗೆ ತಕ್ಕಷ್ಟೇ ಬಿಗಿ ಮಾಡೋ ಪಾನಾ, ಟಾರ್ಕ್ ಅಂದ್ರೆ ತಿರುಗಿಸೋ ಬಲ) ಇದೇ ಮನೆತನದ್ದು ಅನ್ನಿ 😄 ಬೋಲ್ಟ್ ಅಳತೆ ಮೀರಿ ತಿರುಗಿಸ್ತಾ ಹೋದ್ರೆ, ಅಲ್ಲೀವರೆಗೂ ಕೈಗೆ ಗಟ್ಟಿ ಸಿಗ್ತಿದ್ದದ್ದು ಇದ್ದಕ್ಕಿದ್ದಂಗೆ ಮೆತ್ತಗಾಗುತ್ತೆ, ಎಳೆದ ರಬ್ಬರ್ ತರ. ಒಳಗೆ ಬೋಲ್ಟ್ ಹಿಗ್ಗೋಕೆ ಶುರು ಆಗಿರುತ್ತೆ, ಇನ್ನು ವಾಪಸ್ ಮೊದಲಿನಂಗೆ ಆಗಲ್ಲ ಅದು. ಈಗ ಟಾರ್ಚರ್ ಅನ್ನೋ ಪದ ಕೇಳಿದ್ರೆ ಅದೇ ನೆನಪಾಗುತ್ತೆ.

ಸಂಜೆಮಾತು:
ಸಂಸ್ಕೃತದಲ್ಲೂ ಇದರ ನೆಂಟ ಒಬ್ಬ ಇದ್ದಾನೆ, ತರ್ಕು ಅಂತ, ನೂಲು ಹೊಸೆಯೋ ಕದಿರು. ಪೀಡೆ, ಪೀಡಿಸು ಅಂತೀವಲ್ಲ ಅದರ ಮೂಲ ಅರ್ಥ ಒತ್ತು, ಹಿಂಡು ಅಂತ. ಇಂಗ್ಲಿಷಿನ ಒಪ್ರೆಸ್ ಕೂಡ ಒತ್ತೋದೇ. ಕನ್ನಡದಲ್ಲಂತೂ ಕೇಳ್ಲೇಬೇಡಿ, ಹಿಂಡಿ ಹಿಪ್ಪೆ ಮಾಡ್ತಾರೆ, ಅರೀತಾರೆ, ಜೀವ ಹಿಂಡ್ತಾರೆ, ಮಾತನ್ನೂ ತಿರುಚ್ತಾರೆ (ಡಿಸ್ಟಾರ್ಟ್ ಕೂಡ ತೋರ್ಕ್ವೇರೆ ಮಗುವೇ). ಒದ್ದೆ ಬಟ್ಟೆಗೆ ಮಾಡೋದನ್ನೇ ಮನುಷ್ಯರಿಗೂ ಮಾಡ್ತಾರೆ ಅಂತ ಯಾರೂ ಯಾರಿಗೂ ಹೇಳಿಕೊಡದೇನೇ ಎಲ್ಲಾ ಭಾಷೆಗೂ ಹೊಳೆದಿದೆ ನೋಡಿ.

ಕರಡುಪ್ರತಿ:
ಅನುವಾದದ ವಿಷಯಕ್ಕೆ ಬರೋಣ. ಟಾರ್ಚರ್‌ಗೆ ಕಾನೂನಿನಲ್ಲಿ ಗಟ್ಟಿ ಅರ್ಥ ಇದೆ. 1984ರ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರ, ತಪ್ಪೊಪ್ಪಿಗೆ ಪಡೆಯೋಕೋ ಮಾಹಿತಿ ಕಕ್ಕಿಸೋಕೋ ಶಿಕ್ಷೆಗೋ ಅಂತ ಬೇಕೂಂತಲೇ ಕೊಡೋ ತೀವ್ರ ನೋವು, ಅದರಲ್ಲಿ ಸರ್ಕಾರಿ ಅಧಿಕಾರದಲ್ಲಿರೋರ ಕೈ ಇರಬೇಕು ಅಥವಾ ಒಪ್ಪಿಗೆ ಇರಬೇಕು. ಅದಕ್ಕೆ ಚಿತ್ರಹಿಂಸೆ ಅಂತಲೇ ಹಾಕಿ. ಟಾರ್ಮೆಂಟ್‌ಗೆ ಎದುರಿಗೆ ಮನುಷ್ಯನೇ ಇರಬೇಕಂತಿಲ್ಲ, ನೆನಪು, ಅನುಮಾನ, ಹಲ್ಲುನೋವು ಯಾವುದಾದ್ರೂ ಆಗಬಹುದು. ಕಾಡು, ಯಾತನೆ ಇವೆಲ್ಲ ಅಲ್ಲಿಗೆ ಸರಿ. ಹಿಂಸೆ ಒಂದನ್ನೇ ಎಲ್ಲಾ ಕಡೆ ಸುರೀಬೇಡಿ ದಯವಿಟ್ಟು.

ಅಕ್ಷರಹುಳ:
ಥ್ಯಾಂಕ್ಸ್ ಎಲ್ರಿಗೂ! "ಅವನಿಗೆ ಚಿತ್ರಹಿಂಸೆ ಕೊಟ್ರು, ಆಮೇಲೆ ವರ್ಷಗಟ್ಟಲೆ ಆ ನೆನಪು ಅವನ ಜೀವ ಹಿಂಡ್ತಿತ್ತು" ಅಂತ ಹಾಕ್ದೆ, ಸಂಜೆಮಾತು ಅವರ ಹಿಂಡೋದನ್ನ ಕದ್ದಿದ್ದೀನಿ ಕ್ಷಮೆ ಇರ್ಲಿ. ಮುಂದಿನ ಪ್ಯಾರಾದಲ್ಲೇ ಪರ್ಸಿಕ್ಯೂಟ್ ಕೂತಿದೆ, ವಾಪಸ್ ಬರ್ತೀನಿ.